ಜಿಪಿಎಸ್‌ಗೆ ಒಂದು ದನಿ

ಪ್ರಿಯ ಗೆಳೆಯರೇ,

ನಿಮ್ಮ ಪತ್ರ ಓದಿದೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಪರೀಕ್ಷೆ ಪಾಸಾಗಿ, ಲೈಸೆನ್ಸ್ ಕೈಗೆ ಬಂದು, ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಸಿಕ್ಕಿದೆ ಎಂದಿದ್ದೀರಿ. ಮೊದಲು ಅದಕ್ಕೆ ಅಭಿನಂದನೆ. ಈಗ ನಿಮ್ಮ ಮೇಜಿನ ಮೇಲೆ ಎರಡು ಮೀಟರ್ ಬ್ಯಾಂಡಿನ ಒಂದು ಹ್ಯಾಂಡಿ ಸೆಟ್ಟು, ಹಿರಿಯ ಹ್ಯಾಮ್ ಒಬ್ಬರು ಪ್ರೀತಿಯಿಂದ ಕೊಟ್ಟ, ದತ್ತಾಂಶವನ್ನು ಸ್ವರಗಳಾಗಿ ಬದಲಿಸಿ ರೇಡಿಯೊಗೆ ಕೊಡುವ ಹಳೆಯ ಟಿಎನ್‌ಸಿ, ಹೊಸದಾಗಿ ತರಿಸಿಕೊಂಡ ಪುಟ್ಟ ಜಿಪಿಎಸ್ ಮಾಡ್ಯೂಲ್ ಇವೆ. ಈ ಮೂರನ್ನೂ ಜೋಡಿಸುವುದು ಹೇಗೆ ಎನ್ನುವುದು ನಿಮ್ಮ ಮೊದಲ ಪ್ರಶ್ನೆ. "ಮೊಬೈಲಿನಲ್ಲೇ ಲೊಕೇಶನ್ ಕಳಿಸಬಹುದಲ್ಲ, ಇದೆಲ್ಲ ಯಾಕೆ?" ಎಂದು ಮನೆಯವರು ಕೇಳುತ್ತಾರೆ, ಏನು ಹೇಳಲಿ ಎನ್ನುವುದು ಎರಡನೆಯದು. ಎರಡನೆಯದಕ್ಕೆ ಮೊದಲು ಉತ್ತರ ಬರೆಯುತ್ತೇನೆ. ಯಾಕೆ ಎನ್ನುವುದು ಮನಸ್ಸಿಗೆ ಗಟ್ಟಿಯಾದರೆ ಹೇಗೆ ಎನ್ನುವುದು ಸಲೀಸಾಗುತ್ತದೆ.

ಜಿಪಿಎಸ್ ರಿಸೀವರ್ ಕೇಳಿಸಿಕೊಳ್ಳುವ ಸಾಧನ, ಅಷ್ಟೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಕ್ಷೀಣ ಸಂಕೇತವನ್ನು ಹಿಡಿದು, ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬಂದ ಹೊತ್ತನ್ನು ತಾಳೆ ನೋಡಿ, ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕ ಅದರ ಹತ್ತಿರವೇ ಉಳಿಯುತ್ತದೆ. ಉಪಗ್ರಹಕ್ಕೂ ಗೊತ್ತಾಗುವುದಿಲ್ಲ, ಪಕ್ಕದ ಗುಡ್ಡದಲ್ಲಿ ನಿಮಗಾಗಿ ಕಾಯುತ್ತಿರುವ ಗೆಳೆಯನಿಗೂ ಗೊತ್ತಾಗುವುದಿಲ್ಲ. ಮೊಬೈಲು ಅದನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತದೆ ನಿಜ, ಆದರೆ ಹತ್ತಿರದಲ್ಲಿ ಟವರ್ ಇರಬೇಕು, ಟವರಿಗೆ ಕರೆಂಟ್ ಇರಬೇಕು, ಅದರ ಹಿಂದಿನ ಜಾಲವೂ ನೆಟ್ಟಗಿರಬೇಕು. ಪಶ್ಚಿಮ ಘಟ್ಟದ ಕಾಡುದಾರಿಯಲ್ಲಿ ಓಡಾಡಿದವರಿಗೆ ಸಿಗ್ನಲ್ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ನಮ್ಮ ಹವ್ಯಾಸಿ ರೇಡಿಯೊದಲ್ಲಿ ನಿಮ್ಮ ಸೆಟ್ಟಿನಿಂದ ಹೊರಟ ಸಂಕೇತ ನೇರವಾಗಿ ಇನ್ನೊಬ್ಬರ ಸೆಟ್ಟಿಗೆ ಹೋಗುತ್ತದೆ. ನಡುವೆ ಕಂಪನಿ ಇಲ್ಲ, ಬಿಲ್ಲಿಲ್ಲ. ಮನೆಯವರಿಗೆ ಇಷ್ಟು ಹೇಳಿ ನೋಡಿ.

ಈ ಜೋಡಣೆಯ ಕಥೆ ಶುರುವಾದದ್ದು ಅಮೆರಿಕದಲ್ಲಿ. ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಎಂಜಿನಿಯರ್ ಆಗಿದ್ದ ಬಾಬ್ ಬ್ರೂನಿಂಗಾ 1982ರಲ್ಲಿ ಆಪಲ್ 2 ಕಂಪ್ಯೂಟರಿನಲ್ಲಿ ನೌಕಾಪಡೆಯ ಸ್ಥಾನವರದಿಗಳನ್ನು ನಕ್ಷೆಯ ಮೇಲೆ ಮೂಡಿಸುವ ಪ್ರೋಗ್ರಾಂ ಬರೆದರು. 1984ರಲ್ಲಿ ನೂರು ಮೈಲಿಯ ಒಂದು ಕುದುರೆ ಸವಾರಿ ಪಂದ್ಯದಲ್ಲಿ ಕುದುರೆಗಳು ಎಲ್ಲಿವೆ ಎಂದು ತಿಳಿಸಲು ಅದನ್ನೇ ಸುಧಾರಿಸಿ ವಿಐಸಿ-20 ಎಂಬ ಅಗ್ಗದ ಕಂಪ್ಯೂಟರಿಗೆ ಹೊಂದಿಸಿದರು. ಆಗ ಹ್ಯಾಮ್‌ಗಳ ಕೈಯಲ್ಲಿ ಜಿಪಿಎಸ್ ಎಲ್ಲಿತ್ತು? ದಾರಿಯಲ್ಲಿ ನಿಂತವರು ಕಂಡದ್ದನ್ನು ಕೈಯಲ್ಲೇ ಟೈಪ್ ಮಾಡಬೇಕಿತ್ತು. 1990ರ ದಶಕದಲ್ಲಿ ಜಿಪಿಎಸ್ ರಿಸೀವರ್‌ಗಳು ಕೈಗೆಟುಕುವ ಬೆಲೆಗೆ ಇಳಿದಾಗ ಟೈಪ್ ಮಾಡುವ ಕೆಲಸವನ್ನು ಅವು ವಹಿಸಿಕೊಂಡವು. 1992ರ ಹೊತ್ತಿಗೆ ಈ ಪದ್ಧತಿಗೆ ಎಪಿಆರ್‌ಎಸ್ ಎಂಬ ಹೆಸರು ನಿಂತಿತು. ಬ್ರೂನಿಂಗಾ ಅವರ ಕಾಲ್‌ಸೈನ್ ಡಬ್ಲ್ಯುಬಿ4ಎಪಿಆರ್. ಅದರ ಕೊನೆಯ ಮೂರಕ್ಷರ ಹೆಸರಿನಲ್ಲೂ ಕುಳಿತಿದೆ. ಅವರು 2022ರಲ್ಲಿ ತೀರಿಕೊಂಡರು. ಎಪಿಆರ್‌ಎಸ್ ಅನ್ನು ಬರೀ ವಾಹನ ಹಿಂಬಾಲಿಸುವ ಸಾಧನ ಎಂದು ನೋಡಬೇಡಿ, ಸುತ್ತಮುತ್ತ ಏನು ನಡೆಯುತ್ತಿದೆ ಎಂದು ಒಂದು ಪ್ರದೇಶದ ಎಲ್ಲ ಹ್ಯಾಮ್‌ಗಳಿಗೂ ಒಟ್ಟಿಗೆ ತಿಳಿಯಲು ಅದು ಇರುವುದು ಎಂದು ಅವರು ಕೊನೆಯವರೆಗೂ ಒತ್ತಿ ಹೇಳುತ್ತಿದ್ದರು. ನಮ್ಮಲ್ಲಿ ಕಾರ್ ರ‍್ಯಾಲಿಗಳಿಗೆ ಹ್ಯಾಮ್‌ಗಳು ದಾರಿಯುದ್ದಕ್ಕೂ ನಿಂತು ಸುದ್ದಿ ಮುಟ್ಟಿಸುವ ರೂಢಿ ಹಳೆಯದು. ಆ ಕುದುರೆ ಪಂದ್ಯದ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಈಗ ಮೇಜಿಗೆ ಬರೋಣ. ನಾನು ನಿಮಗೆ ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು: ಮೂರನ್ನೂ ಒಟ್ಟಿಗೆ ಜೋಡಿಸಿ ಸ್ವಿಚ್ ಹಾಕಬೇಡಿ. ಜಿಪಿಎಸ್‌ನಿಂದ ಟಿಎನ್‌ಸಿಗೆ, ಟಿಎನ್‌ಸಿಯಿಂದ ರೇಡಿಯೊಗೆ, ರೇಡಿಯೊದಿಂದ ಗಾಳಿಗೆ, ಹೀಗೆ ಮೂರು ಕೂಡುಜಾಗಗಳಿವೆ. ಒಂದೊಂದರಲ್ಲೂ ನಿಂತು, ಏನು ಹರಿಯುತ್ತಿದೆ ಎಂದು ಕಣ್ಣಾರೆ ಓದಿ, ಕಿವಿಯಾರೆ ಕೇಳಿ, ಆಮೇಲೆ ಮುಂದಿನದಕ್ಕೆ ಹೋಗಿ. ಈ ಸಲಕರಣೆಗಳ ದೊಡ್ಡ ಗುಣವೇ ಇದು. ಇವುಗಳಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ.

ಮೊದಲು ಜಿಪಿಎಸ್ ಮಾಡ್ಯೂಲನ್ನು ಒಂದು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಮೂಲಕ ಕಂಪ್ಯೂಟರಿಗೆ ಹಾಕಿ, ಟರ್ಮಿನಲ್ ಪ್ರೋಗ್ರಾಂ ತೆರೆಯಿರಿ. ಸೆಕೆಂಡಿಗೊಮ್ಮೆ ಸಾಲು ಸಾಲಾಗಿ ಅಕ್ಷರಗಳು ಬರುತ್ತವೆ. ಇದು ಎನ್‌ಎಂಇಎ 0183 ಎಂಬ ಪದ್ಧತಿ. ಮೂಲತಃ ಹಡಗು ದೋಣಿಗಳ ಉಪಕರಣಗಳು ಒಂದಕ್ಕೊಂದು ಮಾತಾಡಲಿ ಎಂದು ಮಾಡಿದ್ದು. ಆ ಸಾಲುಗಳಲ್ಲಿ ನಮಗೆ ಮುಖ್ಯವಾದದ್ದು ಆರ್‌ಎಂಸಿ ಎನ್ನುವ ಸಾಲು. ಮೈಸೂರು ಅರಮನೆಯ ಮುಂದೆ ನಿಂತು, ಬೆಳಿಗ್ಗೆ 11 ಗಂಟೆ 45 ನಿಮಿಷ 30 ಸೆಕೆಂಡಿಗೆ ನೋಡಿದರೆ ಆ ಸಾಲು ಹೆಚ್ಚುಕಡಿಮೆ ಹೀಗೆ ಶುರುವಾಗುತ್ತದೆ: ಡಾಲರ್ ಚಿಹ್ನೆ, ಜಿಪಿಆರ್‌ಎಂಸಿ, 061530, ಎ, 1218.31, ಎನ್, 07639.31, ಇ. ಆಮೇಲೆ ವೇಗ, ದಿಕ್ಕು, ತಾರೀಖು, ಕೊನೆಗೆ ನಕ್ಷತ್ರ ಚಿಹ್ನೆ ಮತ್ತು ಎರಡಕ್ಷರದ ಚೆಕ್‌ಸಮ್.

ಇದನ್ನು ಬಿಡಿಸಿ ಓದಿ. 061530 ಎನ್ನುವುದು ವಿಶ್ವಕಾಲ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಎ ಅಂದರೆ ಸ್ಥಾನ ಸಿಕ್ಕಿದೆ, ನಂಬಬಹುದು. ಅದೇ ಜಾಗದಲ್ಲಿ ವಿ ಎಂದು ಬಂದರೆ ಇನ್ನೂ ಸಿಕ್ಕಿಲ್ಲ. ಒಂದೊಂದು ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು ಪೂರ್ತಿ ಹೇಳಿ ಮುಗಿಸಲು 30 ಸೆಕೆಂಡು ತೆಗೆದುಕೊಳ್ಳುತ್ತದೆ. ಹಾಗಾಗಿ ತೆರೆದ ಆಕಾಶದ ಕೆಳಗೂ ಸ್ವಲ್ಪ ಕಾಯಬೇಕು. ಮನೆಯೊಳಗೆ ಆರ್‌ಸಿಸಿ ಚಾವಣಿಯ ಕೆಳಗೆ ಕೂತರೆ ವಿ ಎನ್ನುವುದು ಬದಲಾಗದೇ ಹೋಗಬಹುದು, ಮಾಡ್ಯೂಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ವೇಗ ನಾಟ್ ಲೆಕ್ಕದಲ್ಲಿರುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್.

ಎಲ್ಲಕ್ಕಿಂತ ಮುಖ್ಯವಾದದ್ದು 1218.31 ಎನ್ನುವ ಅಂಕೆ. ಇದು 12 ಡಿಗ್ರಿ, 18.31 ನಿಮಿಷ. ಇದನ್ನು 12.1831 ಡಿಗ್ರಿ ಎಂದೂ, ರೇಖಾಂಶವನ್ನು 76.3931 ಡಿಗ್ರಿ ಎಂದೂ ಓದಿಬಿಟ್ಟರೆ ಅರಮನೆ ಸುಮಾರು 30 ಕಿಲೋಮೀಟರ್ ಆಚೆ, ಹೆಗ್ಗಡದೇವನಕೋಟೆಯ ಕಡೆ ಹೋಗಿ ಕೂರುತ್ತದೆ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಬೇಕು. ನೀವೇ ಪ್ರೋಗ್ರಾಂ ಬರೆಯುವ ಹುಮ್ಮಸ್ಸಿನಲ್ಲಿದ್ದೀರಿ ಎಂದು ಪತ್ರದಿಂದ ಗೊತ್ತಾಗುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಎಪಿಆರ್‌ಎಸ್ ಪ್ಯಾಕೆಟ್ಟಿನಲ್ಲೂ ಸ್ಥಾನವನ್ನು ಇದೇ ರೀತಿ, ನಿಮಿಷದ ನೂರನೆಯ ಒಂದು ಭಾಗದವರೆಗೆ ಬರೆಯುವುದು ವಾಡಿಕೆ. ಅಕ್ಷಾಂಶದಲ್ಲಿ ಅಷ್ಟು ಅಂದರೆ ನೆಲದ ಮೇಲೆ ಸುಮಾರು ಹದಿನೆಂಟೂವರೆ ಮೀಟರ್.

ಇನ್ನು ತಂತಿಗಳ ವಿಚಾರ. ನಮಗೆ ಬೇಕಾಗಿರುವ ಮಾತು ಒಂದೇ ದಿಕ್ಕಿನದು: ಜಿಪಿಎಸ್ ಹೇಳುತ್ತದೆ, ಟಿಎನ್‌ಸಿ ಕೇಳುತ್ತದೆ. ಮಾಡ್ಯೂಲಿನ ಟಿಎಕ್ಸ್ ತಂತಿ, ಗ್ರೌಂಡ್, ಅದಕ್ಕೆ ಬೇಕಾದ ವಿದ್ಯುತ್, ಇಷ್ಟೇ ಸಾಕು. ಆದರೆ ನಿಮ್ಮ ಪುಟ್ಟ ಮಾಡ್ಯೂಲ್ ಕೊಡುವುದು 3.3 ವೋಲ್ಟಿನ ಸಂಕೇತ. ಅದರಲ್ಲಿ ಒಂದು ಎನ್ನುವುದು 3.3 ವೋಲ್ಟ್, ಸೊನ್ನೆ ಎನ್ನುವುದು ಸೊನ್ನೆ ವೋಲ್ಟ್. ಹಳೆಯ ಟಿಎನ್‌ಸಿಯ ಆರ್‌ಎಸ್-232 ಪೋರ್ಟಿನಲ್ಲಿ ಒಂದು ಎನ್ನುವುದು ಋಣ ವೋಲ್ಟೇಜ್, ಸೊನ್ನೆ ಎನ್ನುವುದು ಧನ ವೋಲ್ಟೇಜ್. ಮಟ್ಟವೂ ಬೇರೆ, ದಿಕ್ಕೂ ಉಲ್ಟಾ. ನೇರ ಜೋಡಿಸಿದರೆ ಕೆಲಸವೂ ಆಗದು, ಮಾಡ್ಯೂಲಿಗೆ ಪೆಟ್ಟೂ ಬೀಳಬಹುದು. ನಡುವೆ ಮ್ಯಾಕ್ಸ್3232 ಇರುವ ಸಣ್ಣ ಬೋರ್ಡ್ ಒಂದನ್ನು ಹಾಕಿ. ಬೆಲೆಯೂ ಹೆಚ್ಚಲ್ಲ, 3.3 ವೋಲ್ಟಿನಲ್ಲೂ ಕೆಲಸ ಮಾಡುತ್ತದೆ.

ನಿಮ್ಮದು 25 ಪಿನ್ನಿನ ಕನೆಕ್ಟರ್ ಇರುವ ಟಿಎನ್‌ಸಿ ಎಂದಿದ್ದೀರಿ. ಸಾಮಾನ್ಯವಾಗಿ ಅಂಥದ್ದರಲ್ಲಿ 2ನೇ ಪಿನ್ ಟಿಎನ್‌ಸಿಯ ಒಳಕ್ಕೆ ಹೋಗುವ ದಾರಿ, 3ನೆಯದು ಹೊರಕ್ಕೆ ಬರುವ ದಾರಿ, 7ನೆಯದು ಗ್ರೌಂಡ್. 9 ಪಿನ್ನಿನ ಕನೆಕ್ಟರ್ ಆದರೆ 2 ಮತ್ತು 3 ಅದಲುಬದಲು, ಗ್ರೌಂಡ್ 5ನೆಯದು. ಬೆಸುಗೆ ಹಾಕುವ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಿ. ಟಿಎನ್‌ಸಿಗೆ ಕರೆಂಟ್ ಕೊಟ್ಟು, ಬೇರೇನೂ ಜೋಡಿಸದೆ ಗ್ರೌಂಡಿನಿಂದ ಅಳೆದಾಗ ಯಾವ ಪಿನ್ನಿನಲ್ಲಿ ಋಣ ವೋಲ್ಟೇಜ್ ಕಾಣುತ್ತದೋ ಅದು ಟಿಎನ್‌ಸಿಯ ಹೊರದಾರಿ. ಜಿಪಿಎಸ್ ತಂತಿ ಹೋಗಬೇಕಾದದ್ದು ಇನ್ನೊಂದಕ್ಕೆ.

ತಂತಿ ಸರಿಯಿದ್ದರೂ ಟಿಎನ್‌ಸಿ ಸುಮ್ಮನಿದ್ದರೆ ಎರಡು ಕಾರಣ ಹುಡುಕಿ. ಒಂದು, ವೇಗ. ಎನ್‌ಎಂಇಎ ಪದ್ಧತಿಯ ಹಳೆಯ ವೇಗ 4800 ಬಾಡ್, ಹಳೆಯ ಟಿಎನ್‌ಸಿಗಳು ಅದನ್ನೇ ಎದುರುನೋಡುತ್ತವೆ. ಈಗ ಎಲ್ಲೆಡೆ ಸಿಗುವ ಯು-ಬ್ಲಾಕ್ಸ್ ನಿಯೊ-6ಎಂ ಥರದ ಮಾಡ್ಯೂಲ್‌ಗಳು 9600ರಲ್ಲಿ ಮಾತಾಡುತ್ತವೆ. ಎರಡನೆಯದು, ಮೊದಲ ಎರಡಕ್ಷರ. ಬರೀ ಜಿಪಿಎಸ್ ಬಳಸುವ ಮಾಡ್ಯೂಲ್ ಸಾಲನ್ನು ಜಿಪಿ ಎಂದು ಶುರು ಮಾಡುತ್ತದೆ. ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್ ಮುಂತಾದ ಬೇರೆ ವ್ಯವಸ್ಥೆಗಳನ್ನೂ ಸೇರಿಸಿ ಲೆಕ್ಕ ಹಾಕುವ ಹೊಸ ಮಾಡ್ಯೂಲ್ ಜಿಎನ್ ಎನ್ನುತ್ತದೆ. ಜಿಪಿಆರ್‌ಎಂಸಿಗಾಗಿ ಕಾದು ಕೂತ ಹಳೆಯ ಟಿಎನ್‌ಸಿ ಜಿಎನ್‌ಆರ್‌ಎಂಸಿಯನ್ನು ಕಂಡರೂ ಕಾಣದ ಹಾಗಿರುತ್ತದೆ. ಎರಡಕ್ಕೂ ಪರಿಹಾರ ಮಾಡ್ಯೂಲಿನ ಸೆಟ್ಟಿಂಗಿನಲ್ಲೇ ಇದೆ. ಯು-ಬ್ಲಾಕ್ಸ್‌ನವರ ಯು-ಸೆಂಟರ್ ಪ್ರೋಗ್ರಾಂನಲ್ಲಿ ವೇಗವನ್ನು 4800ಕ್ಕೆ ಇಳಿಸಿ, ಹೊಸ ಮಾಡ್ಯೂಲ್ ಆದರೆ ಸಾಲಿನ ಮೊದಲಕ್ಷರಗಳನ್ನು ಜಿಪಿ ಎಂದು ಬದಲಿಸಿ. ಆರ್‌ಎಂಸಿ ಮತ್ತು ಎತ್ತರವನ್ನೂ ಹೇಳುವ ಜಿಜಿಎ ಬಿಟ್ಟು ಬೇರೆ ಸಾಲುಗಳನ್ನು ನಿಲ್ಲಿಸಿಬಿಡಿ. 4800 ಬಾಡ್‌ನಲ್ಲಿ ಸೆಕೆಂಡಿಗೆ 480 ಅಕ್ಷರಗಳಷ್ಟೇ ಹಿಡಿಸುವುದು. ಕಾಣುವ ಉಪಗ್ರಹಗಳ ಪಟ್ಟಿಯನ್ನೆಲ್ಲ ತುರುಕಿದರೆ ಬೇಕಾದ ಸಾಲೇ ತುಂಡಾಗುತ್ತದೆ. ಕರೆಂಟ್ ತೆಗೆದು ಮತ್ತೆ ಕೊಟ್ಟು, ಸೆಟ್ಟಿಂಗ್ ಉಳಿದಿದೆಯೇ ನೋಡಿ. ಕೆಲವು ಬೋರ್ಡುಗಳಲ್ಲಿ ಅದು ಉಳಿಯುವುದಿಲ್ಲ.

ಟಿಎನ್‌ಸಿ ಜಿಪಿಎಸ್‌ನಿಂದ ಬಂದ ಆರ್‌ಎಂಸಿ ಸಾಲನ್ನು ಎಎಕ್ಸ್.25 ಪದ್ಧತಿಯ ಚೌಕಟ್ಟಿನಲ್ಲಿ ಕೂರಿಸುತ್ತದೆ. ಮುಂದೆ ನಿಮ್ಮ ಕಾಲ್‌ಸೈನ್, ಯಾರ ಮೂಲಕ ಹೋಗಬೇಕೆಂಬ ದಾರಿ, ನಡುವೆ ಸ್ಥಾನ, ಹಿಂದೆ ತಪ್ಪು ಹಿಡಿಯುವ 16 ಬಿಟ್. ಆಮೇಲೆ ಅದನ್ನು ಸೆಕೆಂಡಿಗೆ 1200 ಬಿಟ್ ವೇಗದಲ್ಲಿ 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಮಾಡಿ ರೇಡಿಯೊದ ಮೈಕ್ ದಾರಿಗೆ ಕೊಡುತ್ತದೆ. ಒಂದೇ ಒಂದು ಬಿಟ್ ಕೆಟ್ಟರೂ ಕೇಳುವ ಕಡೆಯ ಟಿಎನ್‌ಸಿ ಇಡೀ ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ಹಾಗಾಗಿ ಈ ಕೂಡುಜಾಗದಲ್ಲಿ ಸ್ವರದ ಮಟ್ಟವೇ ಪ್ರಾಣ. ಜೋರಾದಷ್ಟೂ ದೂರ ಕೇಳುತ್ತದೆ ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಜೋರಾದರೆ ಸ್ವರದ ಅಲೆ ಮೇಲೂ ಕೆಳಗೂ ಕತ್ತರಿಸಿಹೋಗಿ ಎರಡು ಸ್ವರಗಳೂ ವಿಕಾರವಾಗುತ್ತವೆ. ಡೀವಿಯೇಶನ್ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿರಲಿ. ಅಳೆಯುವ ಉಪಕರಣ ಇಲ್ಲದಿದ್ದರೆ ಇನ್ನೊಂದು ಸೆಟ್ಟಿನಲ್ಲಿ ಕೇಳುತ್ತಾ ಟಿಎನ್‌ಸಿಯ ಮಟ್ಟವನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ತಿರುಗಿಸಿದರೂ ಸದ್ದು ಹೆಚ್ಚದ ಜಾಗ ಒಂದು ಸಿಗುತ್ತದೆ. ಅಲ್ಲಿಂದ ಚೆನ್ನಾಗಿ ಕೆಳಗೆ ತಂದು ನಿಲ್ಲಿಸಿ. ಆ ಇನ್ನೊಂದು ಸೆಟ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಡೈರ್‌ವುಲ್ಫ್ ಎಂಬ ಉಚಿತ ಪ್ರೋಗ್ರಾಂ ಓಡಿಸಿದರೆ, ನಿಮ್ಮ ಪ್ಯಾಕೆಟ್ ಬಿಡಿಸಿದ ರೂಪದಲ್ಲೇ ಪರದೆಯ ಮೇಲೆ ಬರುತ್ತದೆ. ಈ ಪರೀಕ್ಷೆಯೆಲ್ಲ ಆಂಟೆನಾ ಬದಲು ಡಮ್ಮಿ ಲೋಡ್ ಮೇಲೆ ಆಗಲಿ.

ರೇಡಿಯೊ ಆನ್ ಆಗಿ ಪೂರ್ಣ ಶಕ್ತಿಗೆ ಬರಲು, ಎದುರಿನ ಸೆಟ್ಟಿನ ಸ್ಕ್ವೆಲ್ಚ್ ತೆರೆಯಲು ಸಮಯ ಬೇಕು. ಅದಕ್ಕೆ ಟಿಎನ್‌ಸಿಯಲ್ಲಿ ಟಿಎಕ್ಸ್‌ಡಿಲೇ ಎಂಬ ಸೆಟ್ಟಿಂಗ್ ಇದೆ. 300 ಮಿಲಿಸೆಕೆಂಡಿನಿಂದ ಶುರು ಮಾಡಿ. ಹ್ಯಾಂಡಿಯಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ತೆಗೆದುಬಿಡಿ, ಅದು ನಿದ್ದೆಯಲ್ಲಿದ್ದಾಗ ಬಂದ ಪ್ಯಾಕೆಟ್ಟಿನ ತಲೆ ಕತ್ತರಿಸಿಹೋಗುತ್ತದೆ.

ಕೊನೆಗೆ ಆಂಟೆನಾ. ಜಿಪಿಎಸ್ ಸಂಕೇತ ನೆಲ ಮುಟ್ಟುವಾಗ ಒಂದು ವ್ಯಾಟಿನ ಹತ್ತು ಲಕ್ಷ ಕೋಟಿಯ ಒಂದು ಪಾಲಿಗಿಂತಲೂ ಎಷ್ಟೋ ಕಡಿಮೆ. ಅದರ ಪಕ್ಕದಲ್ಲೇ ನೀವು 5 ವ್ಯಾಟ್ ಕೂಗಿಸುತ್ತಿದ್ದೀರಿ. ನಿಮ್ಮ ಬೀಕನ್, ಅಂದರೆ ಸ್ಥಾನದ ಪ್ಯಾಕೆಟ್, ಹೋದಾಗಲೆಲ್ಲ ಆರ್‌ಎಂಸಿ ಸಾಲಿನ ಎ ಎನ್ನುವುದು ವಿ ಆಗುತ್ತಿದ್ದರೆ ಕಾರಣ ಇದೇ. ಎರಡೂ ಆಂಟೆನಾಗಳನ್ನು ಸಾಧ್ಯವಾದಷ್ಟು ದೂರ ಇಡಿ, ತಂತಿಗೆ ಫೆರೈಟ್ ಕ್ಲಿಪ್ ಹಾಕಿ, ಶೀಲ್ಡ್ ಇರುವ ತಂತಿಯನ್ನೇ ಬಳಸಿ.

ಇಷ್ಟಾದ ಮೇಲೆ ಗಾಳಿಗೆ ಬರುತ್ತೀರಿ. ಇಲ್ಲಿಂದ ಮುಂದಿನದು ಸಹಬಾಳ್ವೆಯ ವಿಷಯ. ಒಂದು ಪ್ರದೇಶದ ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಇರುತ್ತಾರೆ, ಒಂದೇ ನಲ್ಲಿಯ ಮುಂದೆ ಇಡೀ ಬೀದಿ ಕೊಡ ಹಿಡಿದು ನಿಂತ ಹಾಗೆ. ಒಂದು ಪ್ಯಾಕೆಟ್ ಹೋಗಲು ಟಿಎಕ್ಸ್‌ಡಿಲೇ ಸೇರಿ ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ ಬೇಕು. ಅರವತ್ತು ಜನ ನಿಮಿಷಕ್ಕೊಂದು ಕಳಿಸಿದರೆ ನಿಮಿಷವೇ ಮುಗಿಯಿತು. ಡಿಜಿಪೀಟರ್, ಅಂದರೆ ಕೇಳಿದ ಪ್ಯಾಕೆಟ್ಟನ್ನು ಮರುಪ್ರಸಾರ ಮಾಡುವ ಸ್ಟೇಶನ್, ಅದನ್ನು ಮತ್ತೆ ಹೇಳಲು ಜಾಗವೇ ಉಳಿಯಲಿಲ್ಲ. ಈ ಪ್ಯಾಕೆಟ್‌ಗಳಿಗೆ ತಲುಪಿತು ಎಂಬ ಮರುಸುದ್ದಿಯೂ ಇರುವುದಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಹೋಯಿತು. ಓಡಾಡುವಾಗ ಒಂದೆರಡು ನಿಮಿಷಕ್ಕೊಮ್ಮೆ, ನಿಂತಾಗ ಅರ್ಧ ಗಂಟೆಗೊಮ್ಮೆ ಸಾಕು. ಹೊಸ ಟ್ರ್ಯಾಕರ್‌ಗಳಲ್ಲಿ ಸ್ಮಾರ್ಟ್ ಬೀಕನಿಂಗ್ ಇರುತ್ತದೆ. ವೇಗ ಹೆಚ್ಚಿದಾಗ, ತಿರುವು ತೆಗೆದುಕೊಂಡಾಗ ಹೆಚ್ಚು ಸಲ ಹೇಳಿ, ಉಳಿದ ಹೊತ್ತು ಸುಮ್ಮನಿರುತ್ತದೆ. ದಾರಿಯ ಸೆಟ್ಟಿಂಗಿನಲ್ಲಿ ವೈಡ್1-1, ವೈಡ್2-1 ಎಂದಷ್ಟೇ ಹಾಕಿ. ಫ್ರೀಕ್ವೆನ್ಸಿ ಅಮೆರಿಕದಲ್ಲಿ 144.390, ಯುರೋಪಿನಲ್ಲಿ 144.800 ಮೆಗಾಹರ್ಟ್ಸ್. ನಮ್ಮ 144ರಿಂದ 146ರ ಬ್ಯಾಂಡಿನಲ್ಲಿ ನಿಮ್ಮ ಭಾಗದ ಹ್ಯಾಮ್‌ಗಳು ಬಳಸುತ್ತಿರುವುದನ್ನೇ ಕೇಳಿ ತಿಳಿದು ಹಾಕಿಕೊಳ್ಳಿ.

ಒಂದು ಎಚ್ಚರದ ಮಾತು. ಹ್ಯಾಮ್ ರೇಡಿಯೊದಲ್ಲಿ ಗುಟ್ಟಿಲ್ಲ. ನೀವು ಸಾರಿದ ಸ್ಥಾನ ಎಲ್ಲರಿಗೂ ಕೇಳುತ್ತದೆ. ಇಂಟರ್ನೆಟ್ಟಿಗೆ ಕೊಂಡಿ ಹಾಕಿದ ಸ್ಟೇಶನ್ನಿಗೆ ಕೇಳಿಸಿದರೆ ಲೋಕದ ನಕ್ಷೆಯ ಮೇಲೂ ಮೂಡುತ್ತದೆ. ಮನೆಯ ಜಾಗ ತೋರಿಸುವುದು ಬೇಡ ಎನಿಸಿದರೆ ಕೊನೆಯ ಅಂಕೆಗಳ ಜಾಗ ಖಾಲಿ ಬಿಟ್ಟು, ಸ್ಥೂಲವಾಗಿ ಮಾತ್ರ ಹೇಳಲು ಎಪಿಆರ್‌ಎಸ್ ಪದ್ಧತಿಯಲ್ಲೇ ಅವಕಾಶವಿದೆ.

ನಿಮ್ಮ ಊರಿನ ಸುತ್ತ ಡಿಜಿಪೀಟರ್ ಇಲ್ಲ, ಯಾರು ಕೇಳುತ್ತಾರೆ ಎಂದು ಬೇಸರಪಟ್ಟಿದ್ದೀರಿ. ತಲೆಯೆತ್ತಿ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್ ರೇಡಿಯೊ ಇದೆ. ಅದನ್ನು ಪ್ಯಾಕೆಟ್‌ಗೆ ಹೊಂದಿಸಿಟ್ಟಾಗ 145.825 ಮೆಗಾಹರ್ಟ್ಸ್‌ನಲ್ಲಿ ಅದೂ ಒಂದು ಡಿಜಿಪೀಟರ್. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವಾಗ ನಮಗೆ ಹೆಚ್ಚೆಂದರೆ ಹತ್ತು ನಿಮಿಷ ಸಿಗುತ್ತದೆ. ದಾರಿಯ ಸೆಟ್ಟಿಂಗಿನಲ್ಲಿ ಎಆರ್‌ಐಎಸ್‌ಎಸ್ ಎಂದು ಹಾಕಿ, ಕೈಯಲ್ಲಿ ಹಿಡಿಯುವ ಸಣ್ಣ ಯಾಗಿ ಆಂಟೆನಾ ಇದ್ದರೆ ಅದನ್ನು ನಿಲ್ದಾಣದತ್ತ ತಿರುಗಿಸಿ ಕಳಿಸಿ. ನಮ್ಮ ಇಸ್ರೊಗೂ ಈ ಕಥೆಯಲ್ಲಿ ಪಾಲಿದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಹೊತ್ತು ಹೋದ ಪಿಎಸ್‌ಎಲ್‌ವಿ-ಸಿ30, ಅದರ ಜೊತೆಗೆ ಇಂಡೊನೇಷ್ಯಾದ ಲಾಪಾನ್-ಎ2 ಉಪಗ್ರಹವನ್ನೂ ಕಕ್ಷೆಗೆ ಸೇರಿಸಿತು. ಅದರಲ್ಲಿ ಎಪಿಆರ್‌ಎಸ್ ಡಿಜಿಪೀಟರ್ ಇಟ್ಟಿದ್ದರು.

ಕೊನೆಯದಾಗಿ ಒಂದು ಕೋರಿಕೆ. ಪೆಟ್ಟಿಗೆ ಸಿದ್ಧವಾದ ಮೇಲೆ ಒಬ್ಬರೇ ಆಡಿಕೊಂಡು ಕೂರಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಮ್ಯಾರಥಾನೋ, ಸೈಕಲ್ ಪಂದ್ಯವೋ, ಚಾರಣವೋ ನಡೆದಾಗ ನಡೆಸುವವರ ಹತ್ತಿರ ಹೋಗಿ, ಹಿಂದೆ ಬೀಳುವವರನ್ನು ಕರೆತರುವ ವಾಹನದಲ್ಲಿ ನಿಮ್ಮ ಸೆಟ್ಟು ಇಟ್ಟುಕೊಂಡು ನೀವೇ ಕೂತು ಬರುತ್ತೇನೆ ಎಂದು ಹೇಳಿ. ಇನ್ನೊಬ್ಬ ಹ್ಯಾಮ್ ಕೊನೆಯ ಗೆರೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರಲಿ. ಕಷ್ಟಕಾಲದಲ್ಲಿ ಕೆಲಸಕ್ಕೆ ಬರುವುದು ಹಬ್ಬದ ದಿನ ಅಭ್ಯಾಸ ಮಾಡಿಟ್ಟ ಸಲಕರಣೆಯೇ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ, ಆರ್‌ಎಂಸಿ ಸಾಲು ಏನು ಬರುತ್ತಿದೆ, ಟಿಎನ್‌ಸಿಯ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಬರೆದು ಕಳಿಸಿ, ಇಬ್ಬರೂ ಸೇರಿ ಬಿಡಿಸೋಣ.

73, ಅಂದರೆ ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ.

ನಿಮ್ಮ ಹ್ಯಾಮ್ ಗೆಳೆಯ, ಮೈಸೂರು